ಇಪ್ಪತ್ತೆರಡೇ ಮೆಟ್ಟಿಲು

ಅಪ್ಪಾ,

ನೀನು ಹೋದಮೇಲೆ ಇದು ನನ್ನ ಮೊದಲ ಚೆಕಪ್. ಬ್ಲಡ್ ಕ್ಯಾನ್ಸರ್ ಮರಳಿಲ್ಲ, ಇನ್ನು ಆರು ತಿಂಗಳಿಗೊಮ್ಮೆ ಬಂದರೆ ಸಾಕು ಅಂದರು ಡಾಕ್ಟರು. ನೀನಿದ್ದಿದ್ದರೆ ಅವರ ತಲೆ ತಿಂದು ಇದನ್ನೇ ಮೂರು ಸಲ ಹೇಳಿಸುತ್ತಿದ್ದೆ.

ಬೆಳಿಗ್ಗೆ ರಕ್ತ ಕೊಡಲು ಕೂತಿದ್ದಾಗ ಪಕ್ಕದಲ್ಲಿ ವಯಸ್ಸಾದವರೊಬ್ಬರು ಕೆಮ್ಮಿದರು. ಎಲ್ಲರೂ ಸರಿದು ಕೂತರು. ನಾನೂ ಮಾಸ್ಕ್ ಮೇಲೆಳೆದುಕೊಂಡೆ. ಆ ಒಣಕೆಮ್ಮು ನನಗೆ ಗೊತ್ತಿತ್ತು. "ನಂಗೆ ಸೋಂಕು ತಗುಲಿಸ್ತೀಯ, ಆಚೆ ಹೋಗಿ ಕೂತ್ಕೋ" ಅಂತ ನಿನ್ನ ಮೇಲೆ ಹರಿಹಾಯ್ದಿದ್ದೆನಲ್ಲ, ಅದೇ ಕೆಮ್ಮು. ಆಮೇಲೆ ಎರಡು ವರ್ಷ, ನನ್ನ ಪ್ರತಿ ಚೆಕಪ್ಪಿನಲ್ಲೂ, ನೀನು ಹೊರಗೆ, ಮೇಲಿನ ಮಹಡಿಗೆ ಹೋಗುವ ಮೆಟ್ಟಿಲ ಮೇಲೆ ಕೂತು ಕರವಸ್ತ್ರಕ್ಕೆ ಬಾಯಿಟ್ಟು ಕೆಮ್ಮಿದೆ.

"ಡಾಕ್ಟ್ರಿಗೆ ತೋರಿಸಿದ್ರಾ?" ಅಂತ ಅವರನ್ನು ಕೇಳಿದೆ.

"ನಂಗೇನಮ್ಮಾ, ಗುಂಡುಕಲ್ಲಿನ ಹಾಗಿದೀನಿ. ಮಗಳನ್ನ ತೋರಿಸೋಕೆ ಬಂದಿದೀನಿ."

ಕೈ ಹಿಡಿದು ಎಬ್ಬಿಸಿದೆ. ನೀನು ಕೂರುತ್ತಿದ್ದ ಮೆಟ್ಟಿಲನ್ನೇ ನಿಧಾನಕ್ಕೆ ಹತ್ತಿಸಿದೆ. ಕೊನೆಯಲ್ಲಿ ನಿನ್ನನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಲಿಫ್ಟಿನಲ್ಲಿ ಒಯ್ದೆವಲ್ಲ, ಆ ಶ್ವಾಸಕೋಶದ ಡಾಕ್ಟರ ಬಾಗಿಲವರೆಗೂ ಕರೆದುಕೊಂಡು ಹೋದೆ.

ಇಪ್ಪತ್ತೆರಡೇ ಮೆಟ್ಟಿಲು, ಅಪ್ಪಾ.