ಹೂಮಳೆ ಬಿದ್ದ ಎಂಟನೇ ದಿನದ ಪಾಠ

ಯಸಳೂರು
೧೪ ಮಾರ್ಚ್ ೨೦೨೫

ಮೈ ಡಿಯರ್ ಮೋಹನ್,

ನಮಸ್ಕಾರ ಕಣೋ. ನಿನ್ನ ಕಾಗದ ಬಂದು ಎರಡು ತಿಂಗಳಾಯ್ತು, ಉತ್ತರ ಬರೆಯಲಿಲ್ಲ; ಬೈದುಕೋ. ಮೊಣಕಾಲು ನೋವು ಹಾಗೇ ಐತೆ. ಮೆಣಸು ಕುಯ್ದು ಮುಗೀತು. 'ಐ ಬೆಗ್ ಟು ಸ್ಟೇಟ್' ಅಂತ ಕಾಲೇಜಿನ ಲೀವ್ ಲೆಟರ್ ಥರ ಶುರು ಮಾಡೋಣ ಅಂದ್ಕೊಂಡೆ, ಮುಂದಿನದು ಮರೆತುಹೋಗೈತೆ. ಇರ್ಲಿ. ನಂಗೆ ಅಸಹ್ಯ ಆಗ್ಬುಟ್ಟೈತೆ ಮಾರಾಯ.

ನಿನ್ನ ಅತ್ತಿಗೆ ಗಂಗಾಮಣಿ ಇಪ್ಪತ್ತೆಂಟು ವರ್ಷ ಕಾಲೇಜಲ್ಲಿ ಬಾಟನಿ ಹೇಳಿದಳಲ್ಲ, ಯಾವ ಪಾಠ ಹೇಗೆ ಮಾಡಬೇಕು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದಳು. ಅವಳು ತೀರಿಹೋಗಿ ಮೂರು ವರ್ಷವಾದ ಮೇಲೆ, ಅವಳದೇ ಶಿಷ್ಯ, ಈಗ ಅಲ್ಲಿ ಹೆಡ್ ಆಗಿರೋ ರವಿಚಂದ್ರ ಮನೆಗೆ ಬಂದ. ಈಗ ಕಾಲೇಜುಗಳೆಲ್ಲ ಪಾಠದ ಯೋಜನೆಗಳನ್ನು ಕಂಪ್ಯೂಟರ್‌ನಲ್ಲಿ ಹಂಚಿಕೊಳ್ತವಂತೆ. ಮೇಡಂ ಹೆಸರಲ್ಲೇ ಹಾಕ್ತೀವಿ, ನೋಡಿ ಒಂದು ರುಜು ಹಾಕಿದ್ರೆ ಸಾಕು ಅಂದ. ಖುಷಿಯಾಯ್ತು, ಸುಳ್ಳು ಯಾಕೆ ಹೇಳ್ಲಿ. ನೋಟ್‌ಬುಕ್ ಕೊಟ್ಟೆ, ರುಜು ಆಮೇಲೆ ಅಂದೆ.

ಕಾಫಿ ಹೂವಿನ ಪಾಠಕ್ಕೆ ಅವಳು ಬರೆದದ್ದು ಇಷ್ಟು: ಹೂಮಳೆ ಬಿದ್ದ ಎಂಟನೇ ದಿನ, ಗಿಡವೆಲ್ಲ ಹೂ ಬಿಟ್ಟಾಗ, ತೋಟಕ್ಕೆ ಹೋಗಬೇಕು. ಪುಸ್ತಕ ಬೇಡ. ಮೊದಲು ರಾಮಮ್ಮ ಮಾತಾಡಲಿ, ನಾನು ಹಿಂದೆ ನಿಲ್ತೀನಿ. ಹುಡುಗರ ತಪ್ಪು ಉತ್ತರ ಬರೆದುಕೊಂಡು ನಾಳೆಯ ಪಾಠ ಅಲ್ಲಿಂದ ಶುರು ಮಾಡಬೇಕು.

ರವಿಚಂದ್ರ ಅದನ್ನ ಕಂಪ್ಯೂಟರ್‌ಗೆ ಹಾಕಿ ತೋರಿಸಿದಾಗ ಬರೀ ಖಾನೆಗಳು. ಆರನೇ ವಾರ, ಸೋಮವಾರ, ಹತ್ತರಿಂದ ಹನ್ನೊಂದು. ನಲವತ್ತು ವರ್ಷದಿಂದ ನಮ್ಮ ತೋಟದಲ್ಲಿ ದುಡಿಯೋ ರಾಮಮ್ಮ 'ಸ್ಥಳೀಯ ಸಂಪನ್ಮೂಲ ವ್ಯಕ್ತಿ' ಆಗಿದ್ದಳು. ತಪ್ಪು ಉತ್ತರಕ್ಕೆ ಖಾನೆಯೇ ಇಲ್ಲ.

ಈ ಸೋಮವಾರ ಹೊಸ ಮೇಡಂ ನೇತ್ರಾವತಿ ನಲವತ್ತು ಮಕ್ಕಳನ್ನು ನಮ್ಮ ತೋಟಕ್ಕೇ ಕರಕೊಂಡು ಬಂದಳು. ಮಳೆ ಬಿದ್ದದ್ದು ಹಿಂದಿನ ಶನಿವಾರ, ಎರಡೇ ದಿನ ಆಗಿತ್ತು. ಗಿಡದಲ್ಲಿ ಬರೀ ಹಸಿರು ಮೊಗ್ಗು. ಆ ಹುಡುಗಿ ಮೊಬೈಲ್ ನೋಡಿಕೊಂಡು, ಹೂವಿನ ವಾಸನೆ ನೋಡಿ ಅಂತ ಓದಿದಳು. ಮಕ್ಕಳು ಎಲೆ ಮೂಸಿದವು.

"ಹೂವಿಗೆ ನೋಟೀಸ್ ಕಳ್ಸಿರ್ಲಿಲ್ವಾ ಮೇಡಂ?" ಅಂದಳು ರಾಮಮ್ಮ.

ನೇತ್ರಾವತಿ ಕಣ್ಣಲ್ಲಿ ನೀರು ಬಂತು. ಅವಳ ಮೇಲೆ ನಂಗೆ ಸಿಟ್ಟಿಲ್ಲ. ಟೆಂಪರರಿ ಕೆಲಸ, ಖಾನೆಯಲ್ಲಿದ್ದಂಗೆ ಮಾಡದಿದ್ರೆ ಮುಂದಿನ ವರ್ಷ ಕರೆಯಲ್ಲ.

ಮಾರನೇ ದಿನ ಕಾಲೇಜಿಗೆ ಹೋದೆ. ಆರನೇ ವಾರ ಹೊಡೆದು ಎಂಟನೇ ದಿನ ಅಂತ ಬರಿ, ರಾಮಮ್ಮನ ಹೆಸರು ಹಾಕು, ರುಜು ಮಾಡ್ತೀನಿ ಅಂದೆ.

"ಸರ್, ಆ ಖಾನೆ ವಾರದ ನಂಬರ್ ಬಿಟ್ಟು ಬೇರೇನೂ ತಗೊಳ್ಳಲ್ಲ" ಅಂದ ರವಿಚಂದ್ರ.

ಮುಂದಿನ ವರ್ಷ ಎಲ್ಲ ಕಾಲೇಜಿನ ಮಕ್ಕಳೂ ಅದೇ ಸೋಮವಾರ ಎಲೆ ಮೂಸಬೇಕಂತೆ, ಅದೂ ನನ್ನ ಹೆಂಡತಿ ಹೆಸರಲ್ಲಿ. ಥೂ. ರುಜು ಹಾಕಲಿಲ್ಲ. ನೋಟ್‌ಬುಕ್ ವಾಪಸ್ ಇಸ್ಕೊಂಡು, ಕಂಕುಳಲ್ಲಿ ಇಟ್ಕೊಂಡು ಬಸ್ ಹತ್ತಿದೆ.

ನಿನ್ನ ಮಗಳು ನಯನಾಗೂ ಅಳಿಯನಿಗೂ ಈ ಮುದುಕನ ಆಶೀರ್ವಾದ ಹೇಳು. ಹೊಟ್ಟೆ ತಣ್ಣಗಿರಲಿ ಎಲ್ಲರದ್ದೂ.

ನಿನ್ನ
ಚಂದ್ರಶೇಖರ

ತಾ.ಕ.: ರುಜು ಹಾಕದ್ದಕ್ಕೆ ಇನ್ನೊಂದು ಕಾರಣ ಐತೆ, ನಿನಗೆ ಮಾತ್ರ ಹೇಳ್ತೀನಿ. 'ಪಾಠ ರೂಪಿಸಲು ನೆರವಾದವರು' ಅನ್ನೋ ಖಾನೆಯಲ್ಲಿ ರವಿಚಂದ್ರ ಒಳ್ಳೆ ಮನಸ್ಸಿಂದ ನನ್ನ ಹೆಸರು ತುಂಬಿದ್ದ. ಅವಳು ಪ್ರತಿ ಪಾಠವನ್ನೂ ಮೊದಲು ಮನೆಯಲ್ಲಿ ಹೇಳಿ ನೋಡೋಳು. 'ಹತ್ತು ನಿಮಿಷ ಕೂತ್ಕೊಳ್ರೀ, ಅರ್ಥ ಆಗುತ್ತಾ ಹೇಳಿ' ಅನ್ನೋಳು. ನಾನು ಒಂದು ದಿನವೂ ಓದ್ತಿದ್ದ ಪೇಪರ್ ಮಡಚಿ ಕೇಳಲಿಲ್ಲ. ಯಾರ ಮುಂದೆ ಹೇಳಿ ನೋಡಿದೆ ಅಂತ ಪಾಠದ ಕೆಳಗೆಲ್ಲ ಬರೆದಿದ್ದಾಳೆ. ಎಲ್ಲಾ ಕಡೆ ರಾಮಮ್ಮ. ಮೊದಲನೇ ಪಾಠದ ಕೆಳಗೆ ಮಾತ್ರ ನನ್ನ ಹೆಸರು ಬರೆದು, ಹೊಡೆದುಹಾಕಿದ್ದಾಳೆ.