ಬ್ಯಾನರಿನ ಮೇಲಿನ ತಪ್ಪು

೧೪ ಡಿಸೆಂಬರ್ ೨೦೧೪, ರವಿವಾರ, ರಾಯಬಾಗ

ತಲೆ ಇನ್ನೂ ಸಿಡಿಯುತ್ತಿದೆ. ಬ್ಯಾನರಿನ ಒಕ್ಕಣೆಯನ್ನು ನಿಪ್ಪಾಣಿಯ ಪೇಂಟರನಿಗೆ ಫೋನಿನಲ್ಲಿ ಹೇಳಿದ್ದೇ ನನ್ನ ತಪ್ಪು. ಕನ್ನಡ ಅಷ್ಟಕ್ಕಷ್ಟೇ ಬರುವ ಆ ಪುಣ್ಯಾತ್ಮ ‘ಬಂಡಾಯ ಕಾವ್ಯ ಸಂಭ್ರಮ’ವನ್ನು ‘ಬಡಾಯಿ ಕಾವ್ಯ ಸಂಭ್ರಮ’ ಮಾಡಿಟ್ಟಿದ್ದ. ವೇದಿಕೆಗೆ ಕಟ್ಟಿದ ಮೇಲೆ ಕಣ್ಣಿಗೆ ಬಿತ್ತು. ಬಣ್ಣದ ಡಬ್ಬಿ ತರುವಷ್ಟರಲ್ಲಿ ಸಭೆ ಶುರುವಾಗಿತ್ತು.

ಹತ್ತು ಭಾಷಣ, ಇಪ್ಪತ್ತೆರಡು ಶಾಲು. ಬಂದವರೆಲ್ಲ ಕ್ರಾಂತಿ ತಮ್ಮಿಂದಲೇ ಆಯಿತೆಂದು ಕೊಚ್ಚಿಕೊಂಡರು. ಜುಗೂಳದ ಅಕ್ಕುತಾಯಿ ಮಾತ್ರ ಬೆಳಗಿನಿಂದ ಸುಮ್ಮನೆ ಕೂತಿದ್ದರು. ಆಕೆ ಕಟ್ಟಿದ ಹಾಡು ಹಾಡಿಕೊಂಡೇ ನಮ್ಮ ಕೇರಿಯವರು ಊರ ಬಾವಿಗೆ ಕೊಡ ಇಳಿಸಿದ್ದು. ಆಕೆಯ ಸರದಿ ಬಂದಾಗ ಅಧ್ಯಕ್ಷರು, ವೇಳೆ ಆಯಿತು, ಊಟಕ್ಕೆ ಏಳಿ ಎಂದರು.

ಪೇಪರಿನ ಫೋಟೋಕ್ಕಾದರೂ ಸರಿಯಿರಲೆಂದು ನಾನು ಡಬ್ಬಿ ಹಿಡಿದು ಏಣಿ ಹತ್ತಿದೆ. ಅಕ್ಕುತಾಯಿ ಕೆಳಗಿನಿಂದ ಕೂಗಿದರು: “ತಿದ್ದಬ್ಯಾಡ್ರಿ ಸರ. ಅಂವಾ ಬರೋಬ್ಬರಿನ ಬರದಾನ.”