ಖಂಡೇ ಪೂಜೆಯ ನೇರ ಗೆರೆ

ಇಳಕಲ್ಲ
೬ ನವೆಂಬರ್ ೧೯೮೩

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಬಣ್ಣದ ಹಂಡೆಯ ಶಾಖವನ್ನು ತಾನೇ ಹದದಲ್ಲಿಡುವ ನನ್ನ ಯಂತ್ರದ ಗ್ರಾಫುಗಳನ್ನು ನೀವು ಮೂರು ವರ್ಷದಿಂದ ‘ಗೆರೆ ನಡುಗುತ್ತದೆ’ ಎಂದು ಹಿಂದಿರುಗಿಸುತ್ತಿದ್ದೀರಿ. ನೂಲು ಅದ್ದಿದಾಗಲೆಲ್ಲ ನೀರು ಆರುತ್ತದೆ, ಯಂತ್ರ ಮತ್ತೆ ಕಾಯಿಸುತ್ತದೆ. ಗೆರೆ ನಡುಗದೆ ಇನ್ನೇನು ಮಾಡೀತು?

ಈಗ ಒಂದೇ ಒಂದು ಗ್ರಾಫನ್ನು ಹೊಗಳಿ, ಅದನ್ನೇ ಮುಂದಿಟ್ಟು ಪಿಎಚ್.ಡಿ. ಪ್ರಬಂಧ ಸಲ್ಲಿಸು ಎಂದಿದ್ದೀರಿ. ಸರ್, ಅದು ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನದ್ದು. ಅವತ್ತು ನಮ್ಮ ಮನೆಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಹಂಡೆಯೂ ಖಾಲಿಯಿತ್ತು. ಅವ್ವ ಮಗ್ಗದ ಜೊತೆ ನನ್ನ ಯಂತ್ರಕ್ಕೂ ಕುಂಕುಮ ಹಚ್ಚಿ, ಗೆರೆ ಎಳೆಯುವ ಮುಳ್ಳಿನ ಮೇಲೆ ಚೆಂಡುಹೂವಿನ ದಪ್ಪ ಮಾಲೆ ಹೇರಿದ್ದಳು. ಮುಳ್ಳು ಅಲ್ಲಾಡಲಿಲ್ಲ, ಕಾಗದ ಮಾತ್ರ ಓಡಿತು. ಆ ಹಾಳೆ ಉಳಿದವುಗಳ ಜೊತೆ ತಪ್ಪಿ ನಿಮ್ಮಲ್ಲಿಗೆ ಬಂದಿದೆ.

ದಯವಿಟ್ಟು ಅದನ್ನು ಹರಿದುಹಾಕಿ, ನಡುಗುವ ಗೆರೆಗಳನ್ನು ಒಮ್ಮೆ ಓದಿ. ಡಿಗ್ರಿ ಬರದೆ ಬಾಗಲಕೋಟೆಯ ಕಾಲೇಜಿನಲ್ಲಿ ನನ್ನ ನೌಕರಿ ಕಾಯಂ ಆಗುವುದಿಲ್ಲ.

ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. “ಗುರುಗಳಿಗೆ ಅಷ್ಟು ಚಲೋ ಅನಿಸಿದ್ರ ದಿನಾ ಮಾಲಿ ಹಾಕ್ತೇನಿ ತಗೋ” ಎಂದಳು. ಬೇಡ ಎನ್ನಲು ನನ್ನ ಬಳಿ ಕಾರಣ ಉಳಿದಿಲ್ಲ. ನೀವೇ ಒಂದು ಬರೆದು ಕಳಿಸಿ.

ನಿಮ್ಮ ವಿದ್ಯಾರ್ಥಿ,
ರಾಮಲಿಂಗಪ್ಪ